ಲತೀಫ್ ಸಾಹೇಬರ ಬಿಸ್ಕತ್ತು ಡಬ್ಬ

"ನನ್ನ ಮಗಳ ನಿಕಾಹಿಗೆ ಬಾಡಿಗೆ ಸೌಂಡಿನವನು ಬೇಡ, ಸೌಂಡು ನಾನೇ ನೋಡ್ಕೋತೀನಿ" ಎಂದು ಲತೀಫ್ ಸಾಹೇಬರು ಘೋಷಿಸಿದ ಗಳಿಗೆಯಲ್ಲೇ ಅವರ ಹೆಂಡತಿ ಶಿರೀನ್ ಎದ್ದು ಹೋಗಿ ಬಿಸ್ಕತ್ತಿನ ಡಬ್ಬ ಬಚ್ಚಿಟ್ಟಳು. ಗಂಡ ಏನನ್ನಾದರೂ ಕಂಡುಹಿಡಿಯಲು ಹೊರಟರೆ ಮೊದಲು ಕಾಣೆಯಾಗುವುದು ಅಡುಗೆಮನೆಯ ಸಾಮಾನು ಎಂದು ಅವಳಿಗೆ ಗೊತ್ತಿತ್ತು. ಆದರೂ ಸಂಜೆಯೊಳಗೆ ಡಬ್ಬ ಸಿಕ್ಕಿಹಾಕಿಕೊಂಡಿತು, ಬಿಸ್ಕತ್ತು ತಟ್ಟೆಗೆ ಬಂತು.

"ಅಲ್ಲಾರೀ, ಶಿವಾಜಿನಗರದಲ್ಲಿ ಲೇಸು ಮಾರೋರಿಗೆ ವೈರಿನ ಸಹವಾಸ ಯಾಕೆ?"

"ಲೇಸಿನ ಗಂಟು ಬಿಡಿಸೋನಿಗೆ ವೈರಿನ ಗಂಟು ಯಾವ ಲೆಕ್ಕ? ನೀನು ಸುಮ್ನೆ ನೋಡ್ತಿರು."

ಯೋಜನೆಯೇನೋ ಭವ್ಯವಾಗಿತ್ತು. ನಿಕಾಹ್ ಪುಲಿಕೇಶಿನಗರದ ತಮ್ಮ ಮನೆಯಲ್ಲೇ. ಕೆಳಗೆ ಅಂಗಳದ ಶಾಮಿಯಾನಾದಲ್ಲಿ ಗಂಡಸರು, ಮಹಡಿಯ ಪಡಸಾಲೆಯಲ್ಲಿ ಹೆಂಗಸರು. ಖಾಜಿ ಸಾಹೇಬರು ಓದುವುದು ಮೇಲಿನವರಿಗೆ ಕೇಳಬೇಕು. ಮದುಮಗಳು ರಿಮ್ಶಾ "ಕುಬೂಲ್" ಎಂದು ಒಪ್ಪಿಗೆ ಕೊಟ್ಟದ್ದು ಕೆಳಗಿನವರಿಗೆ ಕೇಳಬೇಕು. ಎರಡು ಕಡೆಗೂ ಒಂದೊಂದು ಮೈಕು, ಒಂದೊಂದು ಸ್ಪೀಕರು. ನಡುವೆ ಯಾವ ದನಿ ಯಾವ ಕಡೆಗೆ ಹೋಗಬೇಕೆಂದು ಅಪ್ಪಣೆ ಕೊಡುವ ಈ ಡಬ್ಬ. ಅದರ ನೆತ್ತಿಯ ಮೇಲೆ ತಿರುಗಿಸುವ ಒಂದು ಗುಬುಟು. ಸುತ್ತ ನಾಲ್ಕು ದಿಕ್ಕಿಗೆ, ಮುಚ್ಚಳದ ಮೇಲೆ ಅಂಟಿಸಿದ ಸಾಹೇಬರ ಕೈಬರಹದ ಚೀಟಿಗಳು: ಬಂದ್, ಕೆಳಗಿಂದ ಮೇಲೆ, ಮೇಲಿಂದ ಕೆಳಗೆ, ಶೆಹನಾಯಿ. ಕೊನೆಯದಕ್ಕೆ ತಿರುಗಿಸಿದರೆ ಎರಡೂ ಕಡೆ ರೆಕಾರ್ಡಿನ ಶೆಹನಾಯಿ. ಸ್ವಿಚ್ಚನ್ನು ಮುಚ್ಚಳಕ್ಕೆ ಬಿಗಿಯದೆ ಒಳಗಿನ ಹಲಗೆಗೆ ಬಿಗಿದಿದ್ದರು. ಮುಚ್ಚಳದ ನಟ್ಟನಡುವೆ ತೂತಿತ್ತು, ಗುಬುಟು ಅದರಿಂದ ಇಣುಕುತ್ತಿತ್ತು. ಯಾವಾಗ ಬೇಕಾದರೂ ಮುಚ್ಚಳ ತೆಗೆಯಬಹುದು, ಒಂದು ವೈರೂ ಕಿತ್ತುಬರುವುದಿಲ್ಲ. ಈ ಜಾಣತನವನ್ನು ಅವರು ಹಾಲಿನವನನ್ನೂ ನಿಲ್ಲಿಸಿ ತೋರಿಸಿದರು.

ಜಗತ್ತಿಗೆ ಹೇಳಿದ್ದು ಇಷ್ಟು. ಹೇಳದೆ ಉಳಿಸಿಕೊಂಡದ್ದು ಬೇರೆ. ವಕೀಲರೆಂದು ಒಬ್ಬರು ಇಬ್ಬರು ಸಾಕ್ಷಿಗಳ ಜೊತೆ ಮದುಮಗಳ ಬಳಿಗೆ ಹೋಗಿ ಒಪ್ಪಿಗೆ ಕೇಳಿ ಬರುವುದು ಪದ್ಧತಿ. ಲತೀಫರ ಮನೆತನದಲ್ಲಿ ತಂದೆಯೇ ವಕೀಲ. ಆದರೆ ಮಗಳ ಮುಖ ನೋಡಿಕೊಂಡು ಆ ಪ್ರಶ್ನೆ ಕೇಳಿದರೆ ತಾನು ಗೊಳೋ ಎಂದು ಅಳುವುದು ಖಂಡಿತ ಎಂದು ಸಾಹೇಬರಿಗೆ ಗೊತ್ತಿತ್ತು. ಅದೂ ಹೊಸ ಬೀಗರಾದ ಓವೈಸ್ ಸಾಹೇಬರಿಗೆ ತಿಳಿಯುವ ಹಾಗೆ. ಅವರು ಬಟ್ಟೆ ವ್ಯಾಪಾರಿ. ನಗುವನ್ನೂ ಅಳೆದು ಕತ್ತರಿಸಿ ಕೊಡುವ ಮನುಷ್ಯ. ಅವರ ಮುಂದೆ ಮೂಗು ಸೊರಗುಟ್ಟಿಸಿದರೆ ಜೀವಮಾನವಿಡೀ ತಲೆ ಎತ್ತುವುದು ಹೇಗೆ? ಅದಕ್ಕೇ ತಮ್ಮ ಫಹೀಮನನ್ನು ವಕೀಲನನ್ನಾಗಿ ಮಾಡಿ, "ನಾನು ಮೇಲೆ ಹೋದ್ರೆ ಡಬ್ಬ ನೋಡ್ಕೊಳ್ಳೋರು ಯಾರು?" ಎಂದು ನೆಪ ಹೂಡಿದ್ದರು.

ನಿಕಾಹಿನ ದಿನ ಬೆಳಗಿನಿಂದಲೇ ಅವರಿಗೆ ಒಂದೇ ಚಿಂತೆ. ಬೆಸುಗೆ ಬಿಟ್ಟಿದ್ದರೆ? ಮುಚ್ಚಳ ತೆಗೆದು ನೋಡಿದರು, ಸರಿಯಿತ್ತು. ವರನ ಕಡೆಯವರ ಕಾರು ಬಂತು. ಮತ್ತೆ ತೆಗೆದು ನೋಡಿದರು. ಖಾಜಿ ಸಾಹೇಬರು ಕೂತು ಗಂಟಲು ಸರಿಮಾಡಿಕೊಂಡಾಗ ತಡೆಯಲಾಗದೆ ಇನ್ನೊಮ್ಮೆ ತೆಗೆದು, ಅವಸರದಲ್ಲಿ ಮುಚ್ಚಿದರು. ದುಂಡು ಡಬ್ಬದ ದುಂಡು ಮುಚ್ಚಳ ಹೇಗಿಟ್ಟರೂ ಕೂರುತ್ತದೆ. ಈ ಸಲ ಅದು ಚೀಟಿಗಳ ಸಮೇತ ಅರ್ಧ ಸುತ್ತು ತಿರುಗಿ ಕೂತಿತು. ಸಾಹೇಬರು ಗುಬುಟನ್ನು "ಬಂದ್" ಚೀಟಿಗೆ ತಿರುಗಿಸಿ ನಿಟ್ಟುಸಿರು ಬಿಟ್ಟರು.

ಆಗ ಶಾಮಿಯಾನಾದ ಸ್ಪೀಕರು ಮಹಡಿಯಲ್ಲಿದ್ದ ಅವರ ಅಕ್ಕ ಜಹನಾರಾಳ ದನಿಯಲ್ಲಿ ಮಾತಾಡಿತು.

"ಬೀಗರು ಯಾಕೆ ಹಾಗೆ ಮುಖ ಗಂಟುಹಾಕ್ಕೊಂಡಿದಾರೆ? ಬಿರಿಯಾನಿ ತಿಂದಾದ್ರೂ ನಗ್ತಾರೋ ಇಲ್ವೋ."

ಓವೈಸ್ ಸಾಹೇಬರ ಗಡ್ಡದ ಒಂದು ಕೂದಲೂ ಅಲುಗಲಿಲ್ಲ. ಲತೀಫರು ಡಬ್ಬಕ್ಕೆ ಕೈ ಹಾಕಿದರು. ಗುಬುಟನ್ನು "ಕೆಳಗಿಂದ ಮೇಲೆ"ಗೆ ತಿರುಗಿಸಿದರು. ಮಹಡಿ, ಅಂಗಳ ಎರಡೂ ಕಡೆ ಶೆಹನಾಯಿ ಮೊಳಗಿತು. ಖಾಜಿ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಸಾಹೇಬರು ಮತ್ತೆ "ಬಂದ್"ಗೇ ತಂದರು. ಬರೆದದ್ದು ತಾವೇ ತಾನೆ, ನಂಬದಿರುವುದು ಹೇಗೆ?

"ಅವರು ನಗೋದು ಹಾಗಿರ್ಲಿ ಆಪಾ, ನಮ್ಮನೆಯವರು ಅಳು ನಿಲ್ಲಿಸಿದ್ರೆ ಸಾಕು" ಎಂದಿತು ಸ್ಪೀಕರು, ಈಗ ಶಿರೀನಳ ದನಿಯಲ್ಲಿ. "ಸಂಬಂಧ ಗೊತ್ತಾದಾಗಿಂದ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾರೆ, ನಮಗೆ ಕೇಳಿಸ್ಬಾರ್ದು ಅಂತ. ಇರೋ ಟ್ಯಾಂಕೆಲ್ಲ ಖಾಲಿ."

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಎದ್ದು ನಿಂತವನು ಶರಣಬಸವ. ರಾಯಚೂರು ಕಡೆಯವನು, ಟೆರೇಸಿನ ಕೋಣೆಯ ಬಾಡಿಗೆದಾರ. ನೀರು ಖಾಲಿಯಾದಾಗಲೆಲ್ಲ ಸಾಹೇಬರಿಂದ ಬೈಸಿಕೊಂಡವನು.

"ಸಾಹೇಬ್ರ, ನೀರು ನಾ ಖಾಲಿ ಮಾಡಿಲ್ಲಂತ ಹೇಳಿದ್ನೋ ಇಲ್ರಿ?" ಎಂದು ಕೇಳಿ, ಸಮಾಧಾನದಿಂದ ಕೂತುಕೊಂಡ.

ಪ್ಲಗ್ಗನ್ನೇ ಕಿತ್ತುಬಿಡೋಣವೆಂದರೆ ಅದು ಖಾಜಿ ಸಾಹೇಬರ ದಿವಾನದ ಹಿಂದೆ ಇತ್ತು. ಸ್ಪೀಕರಿಗೆ ಮಾತ್ರ ದಯೆ ಇರಲಿಲ್ಲ, ಶಿರೀನಳ ದನಿ ಮುಂದುವರಿಯಿತು.

"ವಕೀಲರಾಗಿ ಮೇಲೆ ಬಂದ್ರೆ ಅಳು ಬರುತ್ತೆ ಅಂತ ಭಯ. ಅದಕ್ಕೇ ಈ ಡಬ್ಬದ ನಾಟಕ. ನನಗೆ ಗೊತ್ತಿಲ್ಲ ಅಂದ್ಕೊಂಡಿದಾರೆ."

ಆಮೇಲೆ ಮೆಲ್ಲಗೆ, ತೀರಾ ಸ್ಪಷ್ಟವಾಗಿ, ರಿಮ್ಶಾಳ ದನಿ ಬಂತು. "ಅಮ್ಮೀ, ಫಹೀಮ್ ಚಾಚಾ ಬಂದು ಕೇಳಿದ್ರೆ ನಾನು ಬಾಯೇ ಬಿಡಲ್ಲ. ಅಬ್ಬಾನೇ ಬರ್ಬೇಕು."

ಲತೀಫರು ತಲೆ ತಗ್ಗಿಸಿ ಡಬ್ಬವನ್ನೇ ನೋಡುತ್ತ ಕೂತರು. ಆಗ ಕಂಡಿತು, ಮುಚ್ಚಳ ತಿರುಗಿರುವುದು. ಅದನ್ನು ಅರ್ಧ ಸುತ್ತು ತಿರುಗಿಸಿ ಸರಿಯಾಗಿ ಕೂರಿಸಿದರು. ಗುಬುಟಿನ ಎದುರಿಗೆ "ಮೇಲಿಂದ ಕೆಳಗೆ" ಎಂಬ ಚೀಟಿ ಬಂದು ನಿಂತಿತು.

"ಹುಡುಗಿ ಹೇಳಿದ್ದು ಕೇಳಿಸ್ತಲ್ಲ, ಏಳಿ" ಎಂದರು ಖಾಜಿ ಸಾಹೇಬರು. "ಡಬ್ಬ ಹಾಗೇ ಇರ್ಲಿ, ಒಪ್ಪಿಗೆ ನಮಗೂ ಕೇಳ್ಬೇಕು."

ಸಾಕ್ಷಿಗಳ ಹಿಂದೆ ಲತೀಫರು ಮೆಟ್ಟಿಲು ಹತ್ತಿದರು. ಹೂವಿನ ಮುಸುಕಿನ ಒಳಗಿಂದ ಮಗಳು ಕಣ್ಣೆತ್ತಿ ನೋಡಿದಳು. ಪ್ರಶ್ನೆಯಲ್ಲಿ ಅವಳ ಹೆಸರು ದಾಟಿ ವರನ ಹೆಸರಿಗೆ ಬರುವಷ್ಟರಲ್ಲಿ ಸಾಹೇಬರು ಅತ್ತಿತ್ತ ನೋಡಿದರು. ಬಚ್ಚಲ ನಲ್ಲಿ ಇಲ್ಲಿರಲಿಲ್ಲ. ಅತ್ತರು. ಮಗುವಿನಂತೆ, ಬಿಕ್ಕಿ ಬಿಕ್ಕಿ, ಮೈಕಿನ ಎದುರಿಗೇ.

"ಅಬ್ಬಾ, ಪ್ರಶ್ನೆ ಮುಗಿಸಿ ಆಮೇಲೆ ಅಳಿ" ಎಂದಳು ರಿಮ್ಶಾ, ತಾನೂ ಅಳುತ್ತ. ಅವರು ಹೇಗೋ ಮುಗಿಸಿದರು. ಅವಳು ಕುಬೂಲ್ ಎಂದಳು.

ಊಟದ ಹೊತ್ತಿಗೆ ಲತೀಫರು ಮುಖ ಮರೆಸಿಕೊಂಡು ಬಿರಿಯಾನಿಯ ದೊಡ್ಡ ದೇಗಿನ ಹಿಂದೆ ನಿಂತಿದ್ದರು. ಓವೈಸ್ ಸಾಹೇಬರು ಅಲ್ಲಿಗೂ ಹುಡುಕಿಕೊಂಡು ಬಂದರು. ಮುಖ ಅದೇ ಗಂಟುಮುಖ. ಆದರೆ ಕಣ್ಣು ಕೆಂಪಗಿದ್ದವು, ಕೈಯಲ್ಲಿನ ಕರ್ಚೀಫು ಹಿಂಡಿದರೆ ನೀರು ಬರುವಂತಿತ್ತು.

"ಲತೀಫ್ ಭಾಯ್, ಡಬ್ಬ ಚೆನ್ನಾಗಿ ಮಾಡಿದೀರಿ. ನೀವು ಮೂಗು ಒರೆಸ್ಕೊಂಡಿದ್ದೂ ಕೇಳಿಸ್ತು."

ಲತೀಫರು ತಟ್ಟೆಗೆ ಒಂದು ಸೌಟು ಬಿರಿಯಾನಿ ಬಡಿಸಿ ಅವರ ಮುಂದೆ ಹಿಡಿದರು.

"ಮುಂದಿನ ವರ್ಷ ನನ್ನ ಮಗಳ ನಿಕಾಹ್" ಎಂದರು ಓವೈಸ್ ಸಾಹೇಬರು, ದನಿ ತಗ್ಗಿಸಿ. "ದಯವಿಟ್ಟು ಎಲ್ಲರೂ ಬನ್ನಿ. ಡಬ್ಬ ಮಾತ್ರ ತರಬೇಡಿ."