ಕಂಪನಿಯ ನಷ್ಟಕ್ಕೂ ಭಟ್ಟರ ಕೈಗುಣಕ್ಕೂ ಸಂಬಂಧವಿಲ್ಲವೆಂದು ಪತ್ರ ಕೋರುವ ಬಗ್ಗೆ

ದಿನಾಂಕ: 7-9-1987

ಇಂದ:
ಮೀನಾಕ್ಷಮ್ಮ, ಷೇರುದಾರರು (ನಾನೂರು ಷೇರು),
ಅಡಿಗೆ ಭಟ್ಟರ ಮನೆ, ತೀರ್ಥಹಳ್ಳಿ.
(ಬರೆದವರು: ಮುಕುಂದಯ್ಯ, ಅರ್ಜಿ ಬರಹಗಾರರು, ತಾಲ್ಲೂಕು ಕಚೇರಿಯ ಎದುರು ಜಗಲಿ)

ಗೆ:
ಮಾನ್ಯ ವ್ಯವಸ್ಥಾಪಕ ನಿರ್ದೇಶಕರು,
ಅಂಕಗಣಕ ಸಾಫ್ಟ್‌ವೇರ್ ಲಿಮಿಟೆಡ್, ಬೆಂಗಳೂರು.

ವಿಷಯ: ತಮ್ಮ ಕಂಪನಿ ನಷ್ಟದಲ್ಲಿರುವುದಕ್ಕೆ ಅಡಿಗೆಯವರು ಕಾರಣರಲ್ಲವೆಂದು ದೃಢೀಕರಣ ಪತ್ರ ನೀಡುವ ಕುರಿತು.

ಉಲ್ಲೇಖ: 1) ತಮ್ಮ ಮೂರನೇ ವಾರ್ಷಿಕ ವರದಿ.
2) ಆಯುಧಪೂಜೆಯ ಊಟಕ್ಕೆ ತಾವು ಕಳಿಸಿದ ಕಾರ್ಡು.
3) ಅರ್ಜಿದಾರರ ಬಲಭುಜ.

ಮಾನ್ಯರೇ, ಹಾಗೂ ಮೂರು ವರ್ಷ ಈ ಮನೆಯ ಸಾರು ಉಂಡವರೇ,

1. ಅರ್ಜಿದಾರರು ತಮ್ಮ ಕಂಪನಿಗೆ ಅಡಿಗೆ ಮಾಡುವ ಶಂಕರನಾರಾಯಣ ಭಟ್ಟರ ಧರ್ಮಪತ್ನಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲು ಅರ್ಜಿದಾರರು ಸುತರಾಂ ಒಪ್ಪದ ಕಾರಣ, ಮನೆಯಿಂದ ರೇಷನ್ ಕಾರ್ಡು ತರಿಸಿ ಹೆಸರು ಬರೆದುಕೊಳ್ಳಲಾಗಿದೆ. ಅರ್ಧ ಗಂಟೆ ಅದಕ್ಕೇ ಹೋಯಿತು. ಇನ್ನು ಮುಂದೆ ಸದರಿಯವರನ್ನು ‘ಯಜಮಾನರು’ ಎಂದು ಕರೆಯಲಾಗುವುದು.

2. ತಮ್ಮ ತಂಗಿಯ ಮದುವೆ ಮಂಡಗದ್ದೆಯಲ್ಲಿ ನಡೆದಾಗ ಯಜಮಾನರ ಅಡಿಗೆ ಉಂಡು ತಾವು ಮೆಚ್ಚಿದಿರಿ. ಆ ಕಾರಣ 1984ರಲ್ಲಿ ಕಂಪನಿಯ ಪ್ರಾರಂಭದ ಊಟಕ್ಕೆ ಅವರನ್ನೇ ಬೆಂಗಳೂರಿಗೆ ಕರೆಸಿಕೊಂಡಿರಿ. ನೂರೈವತ್ತು ಎಲೆ; ಹೋಳಿಗೆ, ಪಾಯಸ ಎರಡೂ. ಅಲ್ಲಿ ಎಂಜಿನಿಯರ್ ಹುಡುಗರು ಮೂರು ಮೂರು ಸಲ ಅನ್ನ ಹಾಕಿಸಿಕೊಂಡಿದ್ದನ್ನು ಕಂಡು ಯಜಮಾನರು, “ಇಷ್ಟು ಹಸಿವಿರೋ ಕಂಪನಿ ಮುಳುಗಲ್ಲ” ಎಂದು ಷರಾ ಬರೆದರು. ಮರುವರ್ಷ ತಾವು ಷೇರು ಬಿಟ್ಟಾಗ, ಕೂಡಿಟ್ಟಿದ್ದ ನಾಲ್ಕು ಸಾವಿರ ರೂಪಾಯಿಯನ್ನು ತಂದು ಸುರಿದರು. ಲಕ್ಷ್ಮಿ ಹೆಣ್ಣಾದ ಕಾರಣ ಷೇರನ್ನು ಹೆಂಡತಿಯ ಹೆಸರಿಗೇ ತೆಗೆದುಕೊಂಡರು.

3. ಹತ್ತು ರೂಪಾಯಿಗೆ ಕೊಂಡ ಷೇರು ಈಗ ಏಳು ರೂಪಾಯಿಗೆ ಇಳಿದಿದೆ. ಆದ್ದರಿಂದ ಅರ್ಜಿದಾರರ ಮನೆಯ ಜಗಲಿಯಲ್ಲಿ ಪ್ರತಿ ಭಾನುವಾರ ‘ಮಾರಬೇಕೋ ಇಟ್ಟುಕೊಳ್ಳಬೇಕೋ’ ಎಂಬ ಚರ್ಚೆ ನಡೆಯುತ್ತದೆ. ಪಕ್ಕದ ಮನೆಯ ಬ್ಯಾಂಕ್ ಗುಮಾಸ್ತ ಜಯಪ್ಪನವರು ಪತ್ರಿಕೆಯಲ್ಲಿ ದರ ನೋಡಿ ಹೇಳುತ್ತಾರೆ. ತಮ್ಮ ಇಂಗ್ಲಿಷ್ ವರದಿಯನ್ನು ಓದಿ ಕನ್ನಡದಲ್ಲಿ ಹೇಳಿದವರೂ ಅವರೇ.

“ಭಟ್ರೆ, ಇವರಿಗಿದ್ದ ದೊಡ್ಡ ಗಿರಾಕಿ ಒಂದೇ ಒಂದು ಮಿಲ್ಲು. ಅದಕ್ಕೇ ಬೀಗ ಬಿದ್ದಿದೆ. ಹೊಸ ಮಿಷನ್ನಿಗೆ ಅಂತ ಸಾಲ ಬೇರೆ. ನಾಲ್ಕು ಜನ ಎಂಜಿನಿಯರು ಬಿಟ್ಟು ಹೋಗಿದಾರೆ” ಎಂದು ಜಯಪ್ಪನವರು.

“ಯಾರು ಬಿಟ್ಟು ಹೋದೋರು? ಎರಡನೇ ಸಲ ಅನ್ನ ಹಾಕಿಸ್ಕೊಳ್ಳದೇ ಇದ್ದೋರು. ಅಂಥೋರು ಇದ್ದರೆಷ್ಟು, ಹೋದರೆಷ್ಟು?” ಎಂದು ಯಜಮಾನರು.

“ಅಲ್ಲ ಮಾರಾಯ್ರೆ, ಆ ಕಂಪನಿ ಎಂಥ ಮಾರ್ತದೆ ಅಂತಾದ್ರೂ ಹೇಳಿ. ಪ್ರೋಗ್ರಾಮು ಅಂತೀರಿ. ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ” ಎಂದು ಅರ್ಜಿದಾರರು ಒಳಗಿನಿಂದ.

“ಒಗ್ಗರಣೆ ಘಮ ಕಣ್ಣಿಗೆ ಕಾಣ್ತದೇನೆ? ಅದಿಲ್ಲದೆ ಸಾರು ಯಾರು ಉಣ್ತಾರೆ?”

ಈ ಮಾತಿಗೆ ಜಯಪ್ಪನವರು ತಲೆಯಾಡಿಸಿ ಪತ್ರಿಕೆ ಮಡಚಿದರು. ಬರಹಗಾರ ಮುಕುಂದಯ್ಯನಿಗೂ ಈ ವಾದದಲ್ಲಿ ಹುರುಳಿದೆ ಎನ್ನಿಸಿತು. ಹಾಗೆ ಬರೆಯಕೂಡದೆಂದು ಅರ್ಜಿದಾರರು ತಾಕೀತು ಮಾಡಿದ್ದಾರೆ.

4. ಯಜಮಾನರು ವಾರ್ಷಿಕ ವರದಿಯನ್ನು ನಂಬುವವರಲ್ಲ. ಮನೆಯ ಸ್ಥಿತಿ ಎಲೆಯ ಮೇಲೆ ತಿಳಿಯುತ್ತದೆ ಎಂಬುದು ಅವರ ಮೂವತ್ತು ವರ್ಷದ ಅನುಭವ. ಸರಿ, ಎಲೆಯನ್ನೇ ನೋಡೋಣ. 1985ರ ಆಯುಧಪೂಜೆಗೆ ನೂರಿಪ್ಪತ್ತು ಎಲೆ. ಯಜಮಾನರ ಷರಾ: “ನೋಡು, ಮನೆಯೋರಷ್ಟೇ ಉಂಡಿದಾರೆ, ಹೊರಗಿನ ದಂಡು ಕರೆದಿಲ್ಲ, ಜಾಣರು.” ಹೋದ ವರ್ಷ ಅರವತ್ತು ಎಲೆ, ಹೋಳಿಗೆ ಇಲ್ಲ. “ಖರ್ಚು ಹಿಡಿದಿದಾರೆ, ಇನ್ನು ಲಾಭ ಬರೋದೇ.” ಈ ವರ್ಷ ತಮ್ಮ ಕಾರ್ಡು ಬಂದಿದೆ: ಮೂವತ್ತೈದು ಎಲೆ, ಸಿಹಿ ಬೇಡ, ಅನ್ನ ಸಾರು ಪಲ್ಯ ಸಾಕು. ಅರ್ಜಿದಾರರು ಆ ಕಾರ್ಡನ್ನು ಗೆದ್ದೆ ಎಂಬಂತೆ ತಂದು ಯಜಮಾನರ ಮುಂದೆ ಹಿಡಿದರು. ಯಜಮಾನರು ಎರಡು ಸಲ ಓದಿ, “ಪಾಪ, ಮುಜುಗರ ಪಟ್ಕೊಂಡು ಬರೆದಿದಾರೆ. ಬೆಲ್ಲ ನಾನೇ ಒಯ್ತೀನಿ. ಪಾಯಸ ಇಲ್ಲದೆ ಪೂಜೆ ಎಂಥದು?” ಎಂದುಬಿಟ್ಟರು. ಹೀಗಾಗಿ ತಮ್ಮ ನಷ್ಟದಲ್ಲಿ ಈಗ ಅರ್ಜಿದಾರರ ಬೆಲ್ಲವೂ ಸೇರಿದೆ.

5. ಅರ್ಜಿದಾರರಿಗೆ ಇಷ್ಟೊಂದು ಅವಸರ ಏಕೆಂದರೆ: ಯಜಮಾನರು ಹೊರಗೆ ಅಡಿಗೆ ಮಾಡಿದರೆ, ಅರ್ಜಿದಾರರು ಮನೆಯಲ್ಲಿ ಎರಡು ಹೋಟೆಲಿಗೆ ಇಡ್ಲಿ ಹಿಟ್ಟು ರುಬ್ಬಿ ಕೊಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಒಂದೇ ಒರಳು, ಒಂದೇ ಭುಜ. ಈಗ ಆ ಬಲಗೈ ಕಿವಿಯ ಮಟ್ಟಕ್ಕೆ ಏಳುವುದಿಲ್ಲ. ಜಡೆ ಹಾಕಿಕೊಳ್ಳಲು ಪಕ್ಕದ ಮನೆಯ ಶರಾವತಿ ಬರಬೇಕು. “ರುಬ್ಬೋದು ಬಿಡಿ, ಇಲ್ಲಾಂದ್ರೆ ಈ ಕೈ ಬಿಡ್ತದೆ” ಎಂದು ಡಾಕ್ಟರು ಹೇಳಿದ್ದಾರೆ. ಶಿವಮೊಗ್ಗೆಯ ಅಂಗಡಿಯಲ್ಲಿ ಕರೆಂಟಿನ ಗ್ರೈಂಡರಿಗೆ ಎರಡು ಸಾವಿರದ ಆರುನೂರು ರೂಪಾಯಿ. ಈಗ ಮಾರಿದರೆ ಎರಡು ಸಾವಿರದ ಎಂಟುನೂರು ಬರುತ್ತದೆ. ಷೇರು ಆರು ರೂಪಾಯಿಗೆ ಇಳಿಯಿತೋ, ಗ್ರೈಂಡರ್ ಅಂಗಡಿಯಲ್ಲೇ ಉಳಿಯಿತು.

6. ಷೇರು ಅರ್ಜಿದಾರರ ಹೆಸರಿನಲ್ಲೇ ಇರುವ ಕಾರಣ ಅವರೊಬ್ಬರೇ ರುಜು ಹಾಕಿ ಮಾರಬಹುದಲ್ಲ ಎಂದು ತಾವು ಕೇಳಬಹುದು. ಮುಕುಂದಯ್ಯನೂ ಕೇಳಿದ. ವರ್ಗಾವಣೆಯ ಫಾರಂ ಜಯಪ್ಪನವರು ತಂದುಕೊಟ್ಟು ತಿಂಗಳಾಗಿದೆ. ಅದು ಸಾಸಿವೆ ಡಬ್ಬಿಯ ಕೆಳಗಿದೆ. ರುಜು ಬಿದ್ದಿಲ್ಲ. ಅದರ ಕಾರಣ ಹೀಗಿದೆ.

ಹೋದ ಭಾನುವಾರ ಅರ್ಜಿದಾರರು ಸಿಟ್ಟು ತಡೆಯಲಾರದೆ, “ನನ್ನ ಕೈಗಿಂತ ನಿಮಗೆ ಆ ಕಂಪನಿಯೇ ಹೆಚ್ಚಾಯ್ತಾ?” ಎಂದು ಕೇಳಿದರು. ಯಜಮಾನರು ಸೌಟು ಉಜ್ಜುತ್ತಿದ್ದವರು ಉಜ್ಜುತ್ತಲೇ ಇದ್ದರು. ಸೌಟಿನಿಂದ ಕಣ್ಣೆತ್ತದೆ, “ಹಾಗಲ್ಲ ಕಣೆ. ಆ ಕಂಪನಿಗೆ ಮೊದಲ ಒಲೆ ಹಚ್ಚಿದ್ದು ನಾನು. ಈ ಕೈ ಹಚ್ಚಿದ ಒಲೆ ಕೆಟ್ಟಿತು ಅಂತ ನನ್ನ ಮನೆಯಿಂದಲೇ ರುಜು ಹೋದರೆ, ನಾಳೆ ಯಾರು ಮದುವೆಗೆ ಕರೀತಾರೆ? ಹೊಸನಗರದಲ್ಲಿ ಆಗಲೇ ಆಡ್ಕೊಳ್ತಿದಾರೆ, ಭಟ್ರ ಕೈಗುಣ ಹೋಯ್ತು ಅಂತ” ಎಂದರು.

ಇಷ್ಟು ವರ್ಷದ ಸಂಸಾರದಲ್ಲಿ ಯಜಮಾನರಿಗೆ ಭಯವಾದದ್ದನ್ನು ಅರ್ಜಿದಾರರು ಕಂಡದ್ದು ಅದೇ ಮೊದಲು. ಸಿಟ್ಟೆಲ್ಲ ಇಳಿದುಹೋಯಿತು ಎಂದು ಅವರೇ ಹೇಳಿ, ಈ ಜಗಲಿಯ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅರ್ಜಿ ಬರೆಸಲು ಬಂದವರು ಅಳುವುದು ಇಲ್ಲಿ ಹೊಸತಲ್ಲ; ಆದರೆ ಸಾಮಾನ್ಯವಾಗಿ ಅವರು ಗಂಡನ ಮೇಲೆ ಬರೆಸಲು ಬಂದವರಾಗಿರುತ್ತಾರೆ.

7. ಆಗ ಮುಕುಂದಯ್ಯನು ತನ್ನ ಅನುಭವದಿಂದ ಒಂದು ಉಪಾಯ ಹೇಳಿದನು. “ಒಂದು ಕೆಲಸ ಮಾಡುವ ಅಮ್ಮಾ. ಈ ಸಲ ಪೂಜೆ ಅಡಿಗೆ ಬೇರೆಯವರಿಗೆ ಕೊಡಿ ಅಂತ ಕಂಪನಿಗೆ ಬರೆಯುವ. ಭಟ್ರಿಗೆ ಸಿಟ್ಟು ನೆತ್ತಿಗೇರಿ ಅವತ್ತೇ ಮಾರಿಸ್ತಾರೆ.” ಹೇಳಿದ್ದಷ್ಟೇ ಅಲ್ಲ, ಬರೆಯತೊಡಗಿದನು. ಅರ್ಜಿದಾರರು ತಟ್ಟನೆ ಎಡಗೈಯನ್ನು ಕಾಗದದ ಮೇಲಿಟ್ಟರು. “ಬ್ಯಾಡ. ಅದೊಂದು ಬರೀಬೇಡಿ. ಗ್ರೈಂಡರ್ ಬರದಿದ್ರೂ ಅಡ್ಡಿಲ್ಲ.” ಈ ಹಾಳೆಯ ಅಂಚಿನಲ್ಲಿ ಶಾಯಿ ಹರಡಿರುವುದು ಆ ಕಾರಣಕ್ಕೆ. ಮನ್ನಿಸತಕ್ಕದ್ದು.

ಆದ್ದರಿಂದ, ಮೇಲ್ಕಂಡ ಸಂಗತಿಗಳನ್ನು ಅವಗಾಹನೆಗೆ ತಂದುಕೊಂಡು, ಕಂಪನಿಯ ನಷ್ಟಕ್ಕೆ ಮಿಲ್ಲಿನ ಬೀಗ, ಮಿಷನ್ನಿನ ಸಾಲ, ತಮ್ಮ ಸ್ವಂತ ಬುದ್ಧಿ, ಇವುಗಳಲ್ಲಿ ಯಾವುದು ಕಾರಣವೋ ಅದನ್ನು ನಮೂದಿಸಿ, ಪ್ರಾರಂಭದ ದಿನದ ಊಟ ಕಾರಣವಲ್ಲವೆಂದು ಕಂಪನಿಯ ಮೊಹರು ಹಾಕಿ ಯಜಮಾನರ ಹೆಸರಿಗೆ ಪತ್ರ ಕಳಿಸಬೇಕಾಗಿ ಕೋರಲಾಗಿದೆ. ಮೊಹರು ದೊಡ್ಡದಿರಲಿ. ಪತ್ರ ಕೈಸೇರಿದರೆ ಯಜಮಾನರು ತಲೆಯೆತ್ತಿ ಹೂಂ ಎನ್ನುತ್ತಾರೆ, ಅರ್ಜಿದಾರರು ಫಾರಮ್ಮಿಗೆ ರುಜು ಹಾಕುತ್ತಾರೆ. ಕಂಪನಿ ಮುಂದೆ ಏಳಿಗೆಯಾದರೆ ಅರ್ಜಿದಾರರಿಗೆ ಹೊಟ್ಟೆಕಿಚ್ಚಿಲ್ಲ.

ಇಂತಿ, ತಮ್ಮ ಪಾಯಸಕ್ಕೆ ಬೆಲ್ಲ ಕೊಟ್ಟ ಮನೆಯ ವಿಶ್ವಾಸಿ,
(ರುಜು) ಮೀನಾಕ್ಷಮ್ಮ
(ಬಲಗೈ ನೋವಿನ ಕಾರಣ ಎಡಗೈಯಲ್ಲಿ ಹಾಕಿದ್ದು. ಮುಂದೆ ಫಾರಮ್ಮಿನಲ್ಲೂ ಹೀಗೇ ಇರುತ್ತದೆ. ಸರಿಹೋಗದೆಂದು ವಾಪಸು ಕಳಿಸಬಾರದು.)

ಲಗತ್ತು:
1) ಡಾಕ್ಟರ ಚೀಟಿ.
2) ತಾವು ಕಳಿಸಿದ ಕಾರ್ಡಿನ ನಕಲು. ಮೂಲ ಪ್ರತಿಯನ್ನು ಯಜಮಾನರು ದೇವರ ಮುಂದೆ ಇಟ್ಟಿರುವುದರಿಂದ ತೆಗೆಯಲಾಗಲಿಲ್ಲ.
3) ಸಾರಿನ ಪುಡಿ, ಒಂದು ಪೊಟ್ಟಣ. ಇದು ಲಂಚವಲ್ಲ.

ವಿಶೇಷ ಸೂಚನೆ: ಪತ್ರದಲ್ಲಿ, ಪ್ರಾರಂಭದ ಊಟದ ಹುಳಿಗೆ ಉಪ್ಪು ಒಂದು ಚಿಟಿಕೆ ಮುಂದಾಗಿತ್ತೆಂದು ದಯವಿಟ್ಟು ಬರೆಯತಕ್ಕದ್ದು. ಪೂರ್ತಿ ಹೊಗಳಿದರೆ, ಹೆಂಡತಿ ಬರೆಸಿದ್ದೆಂದು ಯಜಮಾನರಿಗೆ ತಿಳಿದುಬಿಡುತ್ತದೆ.