ನೀರಿನ ಕ್ಯಾನಿನ ಆರೋಹಣಪರ್ವ

“ಈ ಕ್ಯಾನ್ ಖಾಲಿ ಮಾಡಿದ್ದು ಯಾರು?”

ಉತ್ತರಿಸಲು ನರಪ್ರಾಣಿಯಿಲ್ಲದ ಮೊಗಸಾಲೆಯಲ್ಲಿ, ಗೋಡೆಗೂ ಗೋಡೆಯ ಹಲ್ಲಿಗೂ ಕೇಳಿಸುವಂತೆ ಹೀಗೆ ಗರ್ಜಿಸಿದ ವೀರನಾರು? ವೈವಸ್ವತ ಮನ್ವಂತರದ ಕಲಿಯುಗದಲ್ಲಿ, ಜಂಬೂದ್ವೀಪದ ಭರತವರ್ಷದೊಳಗೆ, ಬೆಣ್ಣೆದೋಸೆಯ ಪರಿಮಳದಿಂದ ದಶದಿಕ್ಕುಗಳನ್ನೂ ಗೆದ್ದ ದಾವಣಗೆರೆಯೆಂಬ ಪುರದಲ್ಲಿ, ಒಂದು ಕಾಮರ್ಸ್ ಕಾಲೇಜಿನ ವಿದ್ಯಾರ್ಥಿಸಂಘಕ್ಕೆ ಅಧ್ಯಕ್ಷನಾದ ಇಸ್ತ್ರಿಶೋಭಿತಶ್ವೇತವಸನಧಾರಿ, ಧ್ವನಿವರ್ಧಕವಲ್ಲಭ, ಸೂಚನಾಫಲಕಸಾರ್ವಭೌಮ ಕೊಟ್ರೇಶನೇ ಆತ. ಗಮಕಿಯ ಮುಂದೆ ಕೈಮುಗಿದು ಕುಳಿತವರಂತೆ ಚಿತ್ತವಿಟ್ಟು ಕೇಳಬೇಕು. ಕಥೆ ಚಿಕ್ಕದು, ಕ್ಯಾನು ದೊಡ್ಡದು.

ಅಂದು ಕಾಲೇಜಿನಲ್ಲಿ ‘ನಾಯಕತ್ವ ಮತ್ತು ಯಶಸ್ಸು’ ಎಂಬ ಮಹಾಗೋಷ್ಠಿ. ಅದೇ ಕಾಲೇಜಿನಲ್ಲಿ ಓದಿ, ಇಪ್ಪತ್ತೇಳನೆಯ ವಯಸ್ಸಿಗೇ ಒಂದು ಕಂಪನಿಯ ಶಾಖೆಗೆ ಮುಖ್ಯಸ್ಥೆಯಾದ ಸುಪ್ರಭಾ ಮೇಡಂ ಬಂದಿದ್ದರು. ಅಧ್ಯಕ್ಷ ಕೊಟ್ರೇಶ, ಉಪಾಧ್ಯಕ್ಷ ಪಂಚಾಕ್ಷರಿ ಇಬ್ಬರ ಭಾಷಣ ಕೇಳಿ, ಒಬ್ಬನನ್ನು ಆರು ತಿಂಗಳ ತರಬೇತಿ ಕೆಲಸಕ್ಕೆ ಆರಿಸುವುದು ಅವರ ಸಂಕಲ್ಪ. ಆ ಕೆಲಸ ಸಿಕ್ಕೇಬಿಟ್ಟಿತೆಂದು ಕೊಟ್ರೇಶ ಬೆಳಿಗ್ಗೆಯೇ ಅವ್ವನಿಗೆ ಹೇಳಿ, ದೇವರ ಮುಂದೆ ತೆಂಗಿನಕಾಯಿ ಒಡೆಸಿ ಬಂದಿದ್ದ.

ಬಿಸಿಲಲ್ಲಿ ಬಸವಳಿದು ಬಂದ ಮೇಡಂ ಹೂಗುಚ್ಛವನ್ನು ಪಕ್ಕಕ್ಕಿಟ್ಟು, “ಭಾಷಣ ಆಮೇಲೆ ಕೇಳ್ತೀನಿ. ಮೊದ್ಲು ಒಂದು ಲೋಟ ನೀರು ಕೊಡ್ರಿ” ಅಂದರು.

ಲೋಟ ಹಿಡಿದು ಮೊಗಸಾಲೆಗೆ ಧಾವಿಸಿದ ಕೊಟ್ರೇಶ ಕ್ಯಾನಿನ ನಲ್ಲಿ ತಿರುಗಿಸಿದ. ಕ್ಯಾನು ‘ಗುಳುಕ್’ ಎಂದು ಕೊನೆಯುಸಿರೆಳೆದು, ಒಂದು ಗುಟುಕಿಗೂ ಸಾಲದಷ್ಟು ನೀರನ್ನು ಲೋಟಕ್ಕೆ ಧಾರೆಯೆರೆಯಿತು. ಆ ಗರ್ಜನೆ ಹೊರಟದ್ದು ಆಗಲೇ.

ಗರ್ಜನೆಗೆ ಕಾರಣವಿತ್ತು. ಕ್ಯಾನಿನ ಮೇಲಿನ ಗೋಡೆಯಲ್ಲಿ ಒಂದು ಶಾಸನವಿತ್ತು: ‘ಯಾರ ಕೈಯಲ್ಲಿ ಕ್ಯಾನು ಖಾಲಿಯಾಗುವುದೋ ಅವರೇ ಹೊಸ ಕ್ಯಾನು ಏರಿಸತಕ್ಕದ್ದು. ನಾಯಕತ್ವ ಇಲ್ಲಿಂದಲೇ ಆರಂಭ. ಸಹಿ, ಕೊಟ್ರೇಶ, ಅಧ್ಯಕ್ಷ.’ ಈ ಶಾಸನ ಹೊರಟಂದಿನಿಂದ ಆ ಕಾಲೇಜಿನಲ್ಲಿ ಯಾರೂ ದಾಹ ತೀರುವಷ್ಟು ನೀರು ಕುಡಿದಿರಲಿಲ್ಲ. ತಳದಲ್ಲಿ ಎರಡು ಬೆರಳಷ್ಟು ಉಳಿಸಿ ಮೆಲ್ಲನೆ ಜಾರಿಕೊಳ್ಳುವುದು ಅಲ್ಲಿನ ಅರವತ್ತೈದನೆಯ ವಿದ್ಯೆ. ಅದರಲ್ಲಿ ಕೊಟ್ರೇಶನೇ ಆಚಾರ್ಯ. ಮೂರು ವರ್ಷದಲ್ಲಿ ಒಮ್ಮೆಯೂ ಅವನ ಭುಜಕ್ಕೆ ಕ್ಯಾನು ಸೋಕಿರಲಿಲ್ಲ.

ಸದ್ದು ಕೇಳಿ ಪಂಚಾಕ್ಷರಿ ಹೊರಬಂದು, ಲೋಟವನ್ನೂ ಶಾಸನವನ್ನೂ ನೋಡಿದ.

“ಯಾರು ಅಂತ ಊರಿಗೆಲ್ಲ ಯಾಕ್ ಕೇಳ್ತೀಯಣ್ಣ? ಲೋಟ ನಿನ್ ಕೈಯಾಗೇ ಐತಲ್ಲ.”

“ಎಲವೋ ಪಂಚಾಕ್ಷರಿ,” ಎಂದ ಕೊಟ್ರೇಶ, ವೇದಿಕೆಗೆಂದು ಕಾದಿರಿಸಿದ್ದ ಕಂಠದಲ್ಲಿ. “ನಾಯಕನೆಂಬವನು ಭಾರ ಹೊರುವವನಲ್ಲ, ಭಾರ ಹಂಚುವವನು. ವಾರ್ಷಿಕೋತ್ಸವದಂದು ನಾಲ್ಕುನೂರು ಕುರ್ಚಿ ಹಾಕಿಸಿದ ಭುಜವಿದು.”

“ಹಾಕ್ಸಿದ್ದು ನಿನ್ ಬಾಯಿ ಕಣಣ್ಣ. ಹಾಕಿದ್ದು ನಮ್ ಭುಜ.”

“ಹಾಗಿದ್ದರೆ ಆ ಭುಜವನ್ನೇ ಈಗ ಮೆರೆಸು.”

“ಮೆರೆಸ್ತಿದ್ದೆ. ನಿನ್ನೆಯಿಂದ ಬೆನ್ ಹಿಡ್ಕಂಡೈತಿ,” ಎಂದು ಆ ವೀರ ತಟ್ಟನೆ ಸೊಂಟಕ್ಕೆ ಕೈಕೊಟ್ಟ.

ಆಗ ಬಾಗಿಲಲ್ಲಿ ಸುಪ್ರಭಾ ಮೇಡಂ ಕಾಣಿಸಿಕೊಂಡರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಇನ್ನು ಹಿಂಜರಿದರೆ ಅವ್ವ ಒಡೆದ ತೆಂಗಿನಕಾಯಿಗೆ ಏನು ಬೆಲೆ? ಕೊಟ್ರೇಶ ತೋಳು ಮಡಚಿದ. ಕುಲದೈವವನ್ನು ನೆನೆದ. ಖಾಲಿ ಕ್ಯಾನನ್ನು ಕಿತ್ತು ಅತ್ತ ಎಸೆದು, ಮೂಲೆಯಲ್ಲಿ ದಿಗ್ಗಜದಂತೆ ಕುಳಿತಿದ್ದ ಇಪ್ಪತ್ತು ಲೀಟರಿನ ತುಂಬುಕ್ಯಾನನ್ನು ತೆಕ್ಕೆಗೆ ತೆಗೆದುಕೊಂಡ. ಇಸ್ತ್ರಿ ಮುದುಡಿತು, ಗುಂಡಿಯೊಂದು ಹಾರಿತು, ಕೊರಳ ನರಗಳು ಉಬ್ಬಿದವು. ಮಂದರಪರ್ವತವನ್ನು ಹೊತ್ತವನಿಗೆ ಬೆನ್ನಿಗೆ ಚಿಪ್ಪಾದರೂ ಇತ್ತು, ಇವನಿಗೆ ಅದೂ ಇರಲಿಲ್ಲ. ಆದರೂ ಮೊಣಕಾಲಿಗೇರಿಸಿ, ಎದೆಗೇರಿಸಿ, ಬೋರಲು ತಿರುಗಿಸಿ ಪೀಠದ ಮೇಲೆ ಧೊಪ್ಪೆಂದು ಪ್ರತಿಷ್ಠಾಪಿಸಿ, ವಿಜಯಿಯಾಗಿ ನಲ್ಲಿ ತಿರುಗಿಸಿದ.

ಹನಿ ನೀರು ಬರಲಿಲ್ಲ.

ಮತ್ತೆ ತಿರುಗಿಸಿದ. ಕ್ಯಾನು ಮೌನವ್ರತ ಮುರಿಯಲಿಲ್ಲ.

ಪೊರಕೆ ಹಿಡಿದು ಬಂದ ಕಾಲೇಜಿನ ಆಯಾ ಹಾಲಮ್ಮ ಬಗ್ಗಿ ನೋಡಿ, “ಮುಚ್ಚಳ ತೆಗೀಲಾರ್ದೆ ಬೋರಲು ಹಾಕಿಯಲ್ಲೋ ತಮ್ಮ,” ಅಂದಳು. “ಇಳಿಸಿ, ಸೀಲ್ ಕಿತ್ತು, ತಿರುಗಿ ಏರಿಸ್ಬೇಕು.”

ಕೊಟ್ರೇಶ ಗುಂಡಿ ಹಾರಿದ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡ. “ಮೇಡಂ, ಎರಡೇ ನಿಮಿಷ. ಆಮೇಲೆ ಭಾಷಣ...” ಎಂದು ತೊದಲಿದ.

“ಗಡಿಬಿಡಿ ಏನಿಲ್ಲ,” ಎಂದು ಮೇಡಂ ಬೆಂಚಿನ ಮೇಲೆ ಕುಳಿತು, ಚೀಲದಿಂದ ಪೆನ್ನೂ ಪುಸ್ತಕವೂ ತೆಗೆದರು. “ಭಾಷಣ ಆಗ್ಲೇ ಶುರುವಾಗೈತಿ. ನಾನು ಕೇಳಿಸ್ಕೊಳ್ತಾನೇ ಇದೀನಿ.”

ಪಂಚಾಕ್ಷರಿಯ ಬೆನ್ನುನೋವು ಆ ಕ್ಷಣವೇ ಇಮ್ಮಡಿಯಾಯಿತು. ಕೊಟ್ರೇಶ ಮೆಲ್ಲನೆ ಹಾಲಮ್ಮನ ಬಳಿ ಸರಿದು, ಧ್ವನಿವರ್ಧಕವನ್ನೇ ಕಾಣದವನಂತೆ ಪಿಸುಗುಟ್ಟಿದ. “ಹಾಲಮ್ಮ, ನಿಮ್ಗೆ ಅಭ್ಯಾಸ ಐತಿ. ಇದೊಂದ್ ಸಲ ನೀವೇ ಇಳಿಸಿ ಹಾಕಿಬಿಡ್ರಿ.”

ಹಾಲಮ್ಮ ಗೋಡೆಯ ಶಾಸನದತ್ತ ಪೊರಕೆಯ ಹಿಡಿ ತೋರಿಸಿದಳು.

“ಆ ಚೀಟಿಗೆ ಅಂಟು ಹಚ್ಚಿದಾಕಿ ನಾನೇ, ತಮ್ಮ. ಕ್ಯಾನು ನಾನು ಎತ್ತಂಗಿಲ್ಲ, ನೀನೇ ಎತ್ಬೇಕು.”