ನೀರು ಕಾಣದ ಹಲಗೆ

"ಇವತ್ತು ನೀನು ಈ ಕುರ್ಚಿ ಬಿಟ್ಟು ಏಳಕೂಡದು. ಅಡುಗೆ ನನ್ನದು!" ಎಂದು ಬಡಗಿ ಭೀಷ್ಮಪ್ರತಿಜ್ಞೆ ಮಾಡಿದ.

ವಾರವಿಡೀ ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ಸವೆದಿದ್ದ ಅವನ ನರ್ಸು ಹೆಂಡತಿ ಹಿತ್ತಿಲ ಕುರ್ಚಿಯಲ್ಲಿ ಗೋಣಿಚೀಲದಂತೆ ಕುಸಿದಳು. ಅವಳಿಗೆ ಬೇಕಾಗಿದ್ದುದು ಮೃಷ್ಟಾನ್ನವಲ್ಲ. ಯಾರೂ ಕೂಗಿ ಕರೆಯದ ಒಂದೇ ಒಂದು ಸಂಜೆ. ದಣಿವು ಅವನಿಗೂ ಕಡಿಮೆಯಿರಲಿಲ್ಲ. ಹಗಲೆಲ್ಲ ಒಂದು ಮೊಂಡು ಬಾಗಿಲೊಡನೆ ಗುದ್ದಾಡಿ ತೋಳು ಕಳಚಿ ಬೀಳುವಂತಿತ್ತು. ಆದರೂ ಹಲಗೆಯ ಮೇಲೆ ಮೀನಿಟ್ಟು ಕೆಂಡದಲ್ಲಿ ಬೇಯಿಸುವ ವಿದ್ಯೆಯನ್ನು ಫೋನಿನಲ್ಲಿ ಅರೆಬರೆ ನೋಡಿದಂದಿನಿಂದ, ಮರದ ವಿಷಯದಲ್ಲಿ ತನಗೆ ಸರಿಸಾಟಿ ಯಾರೆಂಬ ಗರ್ವ ಅವನ ತಲೆಗೇರಿತ್ತು.

"ಹಲಗೆನ ಮೊದಲು ನೀರಲ್ಲಿ ನೆನೆಸಬೇಕಂತೆ ರೀ," ಎಂದಳು, ಕಣ್ಣು ಮುಚ್ಚಿಕೊಂಡೇ.

ಬಡಗಿ ಹೌಹಾರಿದ. "ಮರಕ್ಕೆ ನೀರಾ! ವರ್ಷಗಟ್ಟಲೆ ಒಣಗಿಸಿದ ಹಲಗೆ ಕಣೇ ಇದು. ನೆನೆಸಿದ್ರೆ ಸೊಟ್ಟಗಾಗುತ್ತೆ!"

"ಮೀನೇನು ಅಳತೆಪಟ್ಟಿ ಹಿಡ್ಕೊಂಡು ನೋಡುತ್ತಾ?"

ಮರಕ್ಕೆ ಹನಿ ನೀರು ತಾಗದಂತೆ ಕಾಯುವುದನ್ನೇ ಜೀವಿತವ್ರತವಾಗಿ ಪಾಲಿಸಿದವನಿಗೆ ಈ ಮಾತು ನಾಟೀತೇ? ಹಲಗೆಯ ಮೇಲೆ ಮೀನನ್ನು ಮಲಗಿಸಿ, ನಿಂಬೆ ಹಿಂಡಿ, ಕೆಂಡದ ಜಾಲರಿಗೇರಿಸಿ ಮೀಸೆ ತಿರುವಿದ. ಹೊಗೆಯೆದ್ದಿತು. "ನೋಡು, ಎಂಥ ಪರಿಮಳ!" ಎನ್ನುವಷ್ಟರಲ್ಲಿ ಹಲಗೆಯ ಅಂಚಿಗೆಲ್ಲ ಜ್ವಾಲೆ! ಅಷ್ಟು ಅಕ್ಕರೆಯಿಂದ ಒಣಗಿಸಿದ ಹಲಗೆ ಅವನ ಕಣ್ಣೆದುರೇ ಅಗ್ನಿಗೆ ಆಹುತಿಯಾಗತೊಡಗಿತು; ಮೀನೂ ಅದರ ಬೆನ್ನು ಹತ್ತಿತು.

"ರೀ, ಹಲಗೆ ಹತ್ಕೊಂಡಿದೆ."

"ಕಾಣ್ತಿದೆ!"

"ನಾನು ಏಳ್ಲಾ?"

"ಏಳಬೇಡ ಅಂದ್ನಲ್ಲ!"

ಓಡಿಹೋಗಿ ಬಕೆಟ್ಟು ತಂದು ಬೀಸಿ ಎರಚಿದ. ದಣಿದ ತೋಳು, ಗುರಿ ಅರ್ಧ ತಪ್ಪಿತು. ಅರ್ಧ ನೀರಿಗೆ ಕೆಂಡ ಸತ್ತಿತು, ಉಳಿದರ್ಧ ಹೆಂಡತಿಯ ನೆತ್ತಿಯಿಂದಿಳಿದು, ಅವನೇ ಪಾಲಿಶು ಕೊಟ್ಟಿದ್ದ ಕುರ್ಚಿಯನ್ನೂ ತೋಯಿಸಿತು. ಮೀನಾದರೋ ಮೇಲೆ ಇದ್ದಿಲು, ಒಳಗೆ ಹಸಿ.

ಅವಳು ನಿಧಾನವಾಗಿ ಮುಖ ಒರೆಸಿಕೊಂಡಳು. "ನೆನೆಸಿ ಅಂದಿದ್ದು ಹಲಗೆನ."

"ಅಯ್ಯೋ, ಏಳೇ, ಸೀರೆ ಬದಲಾಯಿಸ್ಕೋ..."

"ಏಳಕೂಡದು ಅಂದಿದ್ದೀರಿ, ಏಳಲ್ಲ. ಟವಲ್ ತನ್ನಿ. ಆಮೇಲೆ ಒಳಗೆ ಹೋಗಿ ಅನ್ನಕ್ಕಿಡಿ. ಅಕ್ಕಿಗಾದರೂ ನೀರು ಹಾಕ್ತೀರೋ, ಇಲ್ಲ ಅದೂ ಸೊಟ್ಟಗಾಗುತ್ತೋ?"

ಬಡಗಿ ಟವಲ್ ತಂದುಕೊಟ್ಟು ಒಳಗೆ ಹೋದ. ಈ ಸಲವಾದರೂ ತಪ್ಪು ನಡೆಯದಿರಲೆಂದು ಅಕ್ಕಿಗೆ ಚೊಂಬು ಚೊಂಬಾಗಿ ನೀರು ಸುರಿದ.

ಆ ರಾತ್ರಿ ಇಬ್ಬರೂ ಗಂಜಿ ಕುಡಿದು ಮಲಗಿದರು.